ಆರ್ಡರ್ ಒಪ್ಪಿದ ದಿನದಿಂದ ಆಲ್ಬಮ್ ಕೊಡುವವರೆಗೆ: ದಾವಣಗೆರೆ, ಚಿತ್ರದುರ್ಗ ಕಡೆಯ ಮದುವೆ ಫೋಟೊಗ್ರಾಫರ್‌ಗಳಿಗೆ

ಆಷಾಢ ಬಂತೆಂದರೆ ನಮ್ಮ ಕಡೆ ಕಲ್ಯಾಣ ಮಂಟಪಗಳಿಗೆ ಬೀಗ. ಪಿತೃಪಕ್ಷದಲ್ಲೂ ಅಷ್ಟೇ, ಧನುರ್ಮಾಸದಲ್ಲೂ ಅಷ್ಟೇ. ಅದೇ ಮಾಘ, ಫಾಲ್ಗುಣ ಶುರುವಾಯಿತು, ಇಲ್ಲವೇ ಯುಗಾದಿ ದಾಟಿ ವೈಶಾಖ ಬಂತು ಅಂದರೆ ಒಂದೇ ಮುಹೂರ್ತದ ದಿನಕ್ಕೆ ಮೂರು ಕಡೆಯಿಂದ ಫೋನ್ ಬರುತ್ತದೆ. ಆಗ ಕೂತು ಯೋಚಿಸಲು ಯಾರಿಗೂ ಪುರುಸೊತ್ತಿಲ್ಲ. ಬಿಡುವಿನ ತಿಂಗಳಲ್ಲಿ ಓದಿಕೊಂಡು ತಯಾರಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕ್ಯಾಮೆರಾ ಹಿಡಿಯಲು ಬರುವವರಿಗೆ, ಒಂದೆರಡು ಸೀಸನ್ ಬೇರೆಯವರ ಕೈಕೆಳಗೆ ದುಡಿದು ಈಗ ಸ್ವಂತವಾಗಿ ಆರ್ಡರ್ ಹಿಡಿಯುತ್ತಿರುವವರಿಗೆ ಈ ಲೇಖನ. ಯಾವ ಬಾಡಿ ಒಳ್ಳೆಯದು, ಯಾವ ಲೆನ್ಸ್ ಕೊಳ್ಳಬೇಕು ಎಂಬ ಮಾತು ಇಲ್ಲಿ ಕಡಿಮೆ. ನಮ್ಮ ಭಾಗದಲ್ಲಿ ಮದುವೆ ಫೋಟೊ ಕೆಡುವುದು ಹೆಚ್ಚಾಗಿ ಮನೆಯವರನ್ನು ಸರಿಯಾಗಿ ಕೇಳದೇ ಹೋಗುವುದರಿಂದ. ಯಾವ ಶಾಸ್ತ್ರ ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಕೈಯಿಂದ ನಡೆಯುತ್ತದೆ ಎಂದು ಗೊತ್ತಿದ್ದರೆ ಸಾಧಾರಣ ಕ್ಯಾಮೆರಾದಲ್ಲೂ ಒಳ್ಳೆ ಆಲ್ಬಮ್ ಆಗುತ್ತದೆ.

ಮೊದಲು ಮನೆಗೆ ಹೋಗಿ

ಫೋನಿನಲ್ಲಿ ರೇಟ್ ಹೇಳಿ ಮುಗಿಸಬೇಡಿ. ಮದುವೆಗೆ ಹದಿನೈದು ಇಪ್ಪತ್ತು ದಿನ ಇರುವಾಗ ಒಂದು ಸಂಜೆ ಅವರ ಮನೆಗೆ ಹೋಗಿ ಕೂತುಕೊಳ್ಳಿ. ಮದುಮಗ ಅಥವಾ ಮದುಮಗಳ ಜೊತೆ ಮಾತಾಡಿದರೆ ಸಾಲದು. ಅವರಿಗೆ ಶಾಸ್ತ್ರದ ಕ್ರಮ ಅಷ್ಟಾಗಿ ಗೊತ್ತಿರುವುದಿಲ್ಲ. ಮನೆಯ ದೊಡ್ಡಮ್ಮನನ್ನೋ ಅಜ್ಜಿಯನ್ನೋ ಕರೆಸಿ ಕೇಳಿ. ಕೈಯಲ್ಲಿ ಲಗ್ನಪತ್ರಿಕೆ ಇರಲಿ, ಪೆನ್ ಇರಲಿ.

ನಮ್ಮಲ್ಲಿ ಒಂದು ಮನೆಯ ಪದ್ಧತಿ ಇನ್ನೊಂದು ಮನೆಯಲ್ಲಿ ಇರುವುದಿಲ್ಲ. ವೀರಶೈವ ಲಿಂಗಾಯತರ ಮನೆಯಲ್ಲಿ ಪಂಚಕಳಸ ಇಟ್ಟು ಅಯ್ಯನವರು ಮದುವೆ ಮಾಡಿಸುತ್ತಾರೆ. ಬೇರೆ ಕೆಲವರಲ್ಲಿ ಅಂತರಪಟ ಹಿಡಿದು ಜೀರಿಗೆ ಬೆಲ್ಲ ಹಾಕಿಸುತ್ತಾರೆ, ಧಾರೆ ಎರೆಯುತ್ತಾರೆ. ಕೆಲವು ಮನೆಗಳಲ್ಲಿ ವೀರಭದ್ರನ ಗುಗ್ಗಳ, ಅಂದರೆ ಬೆಂಕಿಯ ಕೊಡ ಹಿಡಿದ ಮೆರವಣಿಗೆ, ಇರುತ್ತದೆ. "ನಮ್ ಮನ್ಯಾಗ ಗುಗ್ಗಳ ಐತಿ ಅಣ್ಣಾ, ಬೆಳಕು ಹರಿಯೋದ್ರಾಗ ಬರ್ಬೇಕು" ಎಂದು ಯಾರೋ ಹಿಂದಿನ ರಾತ್ರಿ ಹೇಳಿದರೆ ನೀವು ಓಡಾಡಿ ಸುಸ್ತಾಗುತ್ತೀರಿ. ಹದಿನೈದು ದಿನ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಲೈಟು, ಜನ ಎಲ್ಲ ಸಿದ್ಧ ಇರುತ್ತದೆ. ಮುಸ್ಲಿಮರ ನಿಕಾಹ್ ಆದರೆ ಹೆಂಗಸರ ಕಡೆ ಯಾರು ಫೋಟೊ ತೆಗೆಯಬೇಕು, ಎಷ್ಟರಮಟ್ಟಿಗೆ ತೆಗೆಯಬಹುದು ಎಂದು ಮೊದಲೇ ಕೇಳಿ. ಆ ಕೆಲಸಕ್ಕೆ ಒಬ್ಬ ಹೆಣ್ಣುಮಗಳು ನಿಮ್ಮ ತಂಡದಲ್ಲಿದ್ದರೆ ಮನೆಯವರಿಗೂ ನೆಮ್ಮದಿ, ನಿಮಗೂ ಒಳ್ಳೆ ಫೋಟೊ.

ಇನ್ನು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ರಿಸೆಪ್ಶನ್ ಹಿಂದಿನ ದಿನ ಸಂಜೆಯೋ, ಮುಹೂರ್ತದ ನಂತರವೋ? ತಾಳಿ ಕಟ್ಟುವಾಗ ಹುಡುಗ ಹುಡುಗಿ ಎದುರುಬದುರೋ, ಪಕ್ಕಪಕ್ಕವೋ? ಹುಡುಗಿಯನ್ನು ಮಂಟಪಕ್ಕೆ ಕರೆತರುವ ಸೋದರಮಾವ ಯಾರು? ಹುಡುಗನ ಕಡೆಯವರು ಬೇರೆ ಫೋಟೊಗ್ರಾಫರ್ ಹೇಳಿದ್ದಾರಾ? ಈ ಕೊನೆಯದನ್ನು ಜಾಸ್ತಿ ಜನ ಕೇಳುವುದಿಲ್ಲ. ನಮ್ಮ ಕಡೆ ಎರಡೂ ಮನೆಯವರು ಬೇರೆ ಬೇರೆಯಾಗಿ ಬುಕ್ ಮಾಡುವುದು ಸಾಮಾನ್ಯ. ಹಾಗಿದ್ದರೆ ಆ ಫೋಟೊಗ್ರಾಫರ್‌ನ ನಂಬರ್ ತೆಗೆದುಕೊಂಡು ಮೊದಲೇ ಮಾತಾಡಿ. ಮುಹೂರ್ತದ ಹೊತ್ತಿಗೆ ಯಾರು ಯಾವ ಕಡೆ ನಿಲ್ಲುವುದು ಎಂದು ತೀರ್ಮಾನವಾಗಿಬಿಟ್ಟರೆ ಮಂಟಪದ ಮೇಲೆ ತಳ್ಳಾಟ ಇರುವುದಿಲ್ಲ.

ಮನೆಯಲ್ಲಿ ಕಾಯಿಲೆಯಲ್ಲಿರುವ ಹಿರಿಯರು ಇದ್ದಾರಾ, ಮದುವೆಗೆ ಬರಲಾಗದವರು ಇದ್ದಾರಾ ಎಂದೂ ಕೇಳಿಕೊಳ್ಳಿ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಹುಡುಗಿಗೆ 18 ತುಂಬಿಲ್ಲ, ಇಲ್ಲವೇ ಹುಡುಗನಿಗೆ 21 ಆಗಿಲ್ಲ ಎಂದು ಗೊತ್ತಾದರೆ ಆ ಆರ್ಡರ್ ಬಿಟ್ಟುಬಿಡಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ನಡೆಸಿಕೊಟ್ಟವರಿಗೆ, ಅದಕ್ಕೆ ನೆರವಾದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಾನೂನಿನ ಮಾತು ಒಂದು ಕಡೆ ಇರಲಿ, ಶಾಲೆಗೆ ಹೋಗಬೇಕಾದ ಮಗುವಿನ ಕೊರಳಿಗೆ ತಾಳಿ ಬೀಳುವುದನ್ನು ನಾವು ಚೆಂದ ಮಾಡಿ ತೋರಿಸಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಮಾಡಿದರೆ ಸಾಕು.

ಮಾತನ್ನು ಕಾಗದಕ್ಕೆ ಇಳಿಸಿ

ಪರಿಚಯದವರ ಮದುವೆ, ನೆಂಟರ ಮದುವೆ ಎಂದು ಬರೆಯದೇ ಬಿಡುವುದೇ ಮುಂದೆ ಮನಸ್ತಾಪಕ್ಕೆ ದಾರಿ. ಒಂದು ಪುಟ ಸಾಕು, ಅಚ್ಚ ಕನ್ನಡದಲ್ಲೇ ಇರಲಿ. ಎಷ್ಟು ದಿನ, ಯಾವ ಯಾವ ಶಾಸ್ತ್ರ, ಎಷ್ಟು ಜನ ಬರುತ್ತೀರಿ, ಆಲ್ಬಮ್ ಎಷ್ಟು ಶೀಟ್, ಯಾವ ಅಳತೆ, ಜಾಸ್ತಿ ಶೀಟ್ ಬೇಕಾದರೆ ಒಂದಕ್ಕೆ ಎಷ್ಟು, ಅಡ್ವಾನ್ಸ್ ಎಷ್ಟು, ಉಳಿದದ್ದು ಯಾವಾಗ. ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ ಎಂಬುದೂ ಇರಬೇಕು. ಫೋಟೊ ಆರಿಸಿಕೊಡಲು ಮನೆಯವರಿಗೆ ಒಂದು ಗಡುವು ಹಾಕಿ. ಆರು ತಿಂಗಳಾದರೂ ಆರಿಸದೆ, ಆಮೇಲೆ "ಇನ್ನೂ ಆಲ್ಬಮ್ ಕೊಟ್ಟಿಲ್ಲ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ.

ನಿಮಗೆ ಗೊತ್ತಿರಬೇಕಾದ ಇನ್ನೊಂದು ವಿಷಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು. ಬೇರೆ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತದೆ. ಅಂದರೆ ಮದುಮಗಳ ಫೋಟೊವನ್ನು ನಿಮ್ಮ ಇನ್‌ಸ್ಟಾಗ್ರಾಂಗೆ, ಸ್ಟುಡಿಯೊ ಬೋರ್ಡಿಗೆ ಸುಮ್ನೆ ಹಾಕುವಂತಿಲ್ಲ. ಕಾಗದದಲ್ಲಿ ಒಂದು ಸಾಲು ಸೇರಿಸಿ, ಒಪ್ಪಿಗೆ ಇದ್ದರೆ ಸಹಿ ಹಾಕಿಸಿ. ಒಪ್ಪದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಹೆಣ್ಣುಮಕ್ಕಳ ಮನೆಯವರಿಗೆ ಅವರದೇ ಕಾರಣಗಳಿರುತ್ತವೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವಂತಿದ್ದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಅದನ್ನು ನಿಮ್ಮ ಲೆಕ್ಕ ನೋಡುವವರ ಹತ್ತಿರ ಕೂತು ಸರಿಮಾಡಿಕೊಳ್ಳಿ.

ಪ್ರಿವೆಡ್ಡಿಂಗ್: ಜಾಗಕ್ಕಿಂತ ಹೊತ್ತು ಮುಖ್ಯ

ನಮ್ಮ ಎರಡು ಜಿಲ್ಲೆಗಳಲ್ಲಿ ಜಾಗಕ್ಕೇನೂ ಬರವಿಲ್ಲ. ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ, ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ, ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು. ಈಚೆ ದಾವಣಗೆರೆಯ ಗಾಜಿನ ಮನೆ, ಕುಂದುವಾಡ ಕೆರೆ, ಹರಿಹರದ ತುಂಗಭದ್ರೆ, ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ, ಚನ್ನಗಿರಿ ಸುತ್ತಿನ ಅಡಿಕೆ ತೋಟ.

ಎಲ್ಲಿಗೇ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಮೇ ತಿಂಗಳಲ್ಲಿ ಇಲ್ಲಿ ಆರು ಗಂಟೆಯೊಳಗೇ ಸೂರ್ಯ ಹುಟ್ಟುತ್ತಾನೆ. ಎಂಟೂವರೆ ಒಂಬತ್ತಕ್ಕೆಲ್ಲ ಬಿಸಿಲು ನೆತ್ತಿಯ ಕಡೆ ಏರಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಹತ್ತಿರ, ಮುಳುಗುವುದು ಆರು ಗಂಟೆಗೆ. ಹುಡುಗಿ ಮೇಕಪ್ ಮುಗಿಸಿ ಬರುವ ಹೊತ್ತನ್ನು ಈ ಲೆಕ್ಕದಿಂದ ಹಿಂದಕ್ಕೆ ಎಣಿಸಿ ಹೇಳಿ.

ಕೋಟೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಏಳು ಸುತ್ತಿನ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಇಟ್ಟುಕೊಂಡು ಶೂಟ್ ಮಾಡಬೇಕೆಂದರೆ ಮೊದಲೇ ಅನುಮತಿ ಬೇಕು. ಅಲ್ಲಿ ಹೋಗಿ ಕಾವಲುಗಾರರ ಜೊತೆ ವಾದ ಮಾಡುವುದು ಮರ್ಯಾದೆಯಲ್ಲ, ಅವರು ತಮ್ಮ ಕೆಲಸ ಮಾಡುತ್ತಿರುತ್ತಾರೆ. ಸಂತೇಬೆನ್ನೂರಿನ ಪುಷ್ಕರಣಿಗೂ ಇದೇ ಮಾತು. ಕೋಟೆಯಲ್ಲಿ ಮೆಟ್ಟಿಲು ಜಾಸ್ತಿ, ಬಂಡೆ ಜಾರುತ್ತದೆ. ಭಾರದ ಸೀರೆ, ಲೆಹೆಂಗಾ ಉಟ್ಟ ಹುಡುಗಿಯನ್ನು ಮೇಲಿನ ಸುತ್ತಿನವರೆಗೆ ಹತ್ತಿಸಬೇಡಿ. ಬಾಗಿಲುಗಳ ತಿರುವಿನಲ್ಲೇ ಚೆಂದದ ನೆರಳು ಸಿಗುತ್ತದೆ. ಎತ್ತರದ ಕಲ್ಲಿನ ಗೋಡೆ ಒಂದು ಕಡೆ ಬೆಳಕು ತಡೆದು, ಇನ್ನೊಂದು ಕಡೆಯಿಂದ ಮೆದುವಾಗಿ ಬಿಡುತ್ತದೆ. ಕೋತಿಗಳು ಜಾಸ್ತಿ, ತಿಂಡಿ ಚೀಲ ತೆರೆದಿಡಬೇಡಿ. ನೀರಿನ ಬಾಟಲಿ ಇರಲಿ.

ವಾಣಿವಿಲಾಸ ಸಾಗರಕ್ಕೆ ಹೋಗುವುದಾದರೆ ಹಿಂದಿನ ವಾರವೇ ಒಬ್ಬರು ಹೋಗಿ ನೀರಿನ ಮಟ್ಟ ನೋಡಿ ಬರಬೇಕು. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಳೇ ಫೋಟೊದಲ್ಲಿ ಕಂಡ ದಂಡೆ, ಬಂಡೆ ಈಗ ನೀರಿನಡಿ ಇರಬಹುದು. ನೀರಿಗೆ ಇಳಿಸಿ ಫೋಟೊ ತೆಗೆಯುವ ಆಸೆಯನ್ನು ಪೂರ್ತಿ ಬಿಡಿ. ಕೆರೆಯಾಗಲಿ, ಹೊಳೆಯಾಗಲಿ, ಸೀರೆ ಉಟ್ಟವರು ಕಾಲು ಜಾರಿದರೆ ಮೇಲೇಳುವುದು ಕಷ್ಟ. ಒಂದು ಫೋಟೊಕ್ಕೆ ಎರಡು ಜೀವ ಪಣಕ್ಕಿಡುವ ಹಕ್ಕು ನಮಗಿಲ್ಲ.

ಅಡಿಕೆ ತೋಟದಲ್ಲಿ ತಂಪಿದೆ, ನೆರಳಿದೆ, ಆದರೆ ಸುತ್ತಲಿನ ಎಲೆಯ ಹಸಿರು ಮುಖದ ಮೇಲೆ ಬೀಳುತ್ತದೆ. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ಪೂರ್ತಿ ಸರಿಮಾಡುವುದಿಲ್ಲ. ಜೋಡಿಯನ್ನು ತೋಟದ ಅಂಚಿಗೆ, ಆಕಾಶ ಕಾಣುವ ಕಡೆ ಮುಖ ಮಾಡಿ ನಿಲ್ಲಿಸಿ, ತೋಟ ಅವರ ಬೆನ್ನ ಹಿಂದಿರಲಿ. ಒಂದು ಬಿಳಿ ಬಟ್ಟೆಯನ್ನು ರಿಫ್ಲೆಕ್ಟರ್ ಮಾಡಿಕೊಂಡರೂ ಹಸಿರು ಕಡಿಮೆಯಾಗುತ್ತದೆ.

ಡ್ರೋನ್ ಬಗ್ಗೆ ಒಂದೇ ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನ್ ಹಾರಿಸಿ ಸಂಪಾದನೆ ಮಾಡುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಅದಿಲ್ಲದವರನ್ನು ಬಾಡಿಗೆಗೆ ಕರೆಯಬೇಡಿ. ಶಾಮಿಯಾನದ ಕೆಳಗೆ ಮಕ್ಕಳ ತಲೆ ಮೇಲೆ ಡ್ರೋನ್ ತಿರುಗಿಸುವುದಂತೂ ಬೇಡವೇ ಬೇಡ.

ಮಂಟಪದ ಬೆಳಕನ್ನು ಹಿಂದಿನ ದಿನವೇ ನೋಡಿ

ನಮ್ಮ ಕಲ್ಯಾಣ ಮಂಟಪಗಳಲ್ಲಿ ತಾರಸಿ ಬಹಳ ಎತ್ತರ, ಕೆಲವಕ್ಕೆ ಶೀಟ್ ಚಾವಣಿ. ಫ್ಲ್ಯಾಶ್ ಮೇಲಕ್ಕೆ ತಿರುಗಿಸಿದರೆ ಬೆಳಕು ವಾಪಸ್ಸೇ ಬರುವುದಿಲ್ಲ, ಬ್ಯಾಟರಿ ಮಾತ್ರ ಮುಗಿಯುತ್ತದೆ. ಅಂಥ ಕಡೆ ವೇದಿಕೆಯ ಎರಡು ಮೂಲೆಗೆ ಸ್ಟ್ಯಾಂಡ್ ಮೇಲೆ ಫ್ಲ್ಯಾಶ್ ಇಟ್ಟು ಟ್ರಿಗರ್‌ನಿಂದ ಉರಿಸುವುದು ಒಳ್ಳೆಯದು. ಸ್ಟ್ಯಾಂಡ್ ಬುಡಕ್ಕೆ ಮರಳಿನ ಚೀಲ ಕಟ್ಟಿ, ಮಕ್ಕಳು ಓಡಾಡುತ್ತಿರುತ್ತಾರೆ.

ವೇದಿಕೆಯ ಹಿಂದೆ ಈಗ ಎಲ್‌ಇಡಿ ವಾಲ್ ಸಾಮಾನ್ಯವಾಗಿದೆ. ಅದೂ, ಛತ್ರದ ಎಲ್‌ಇಡಿ ದೀಪಗಳೂ ಫೋಟೊದಲ್ಲಿ ಅಡ್ಡ ಪಟ್ಟಿ ತರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50 ಇಟ್ಟರೆ ಪೂರ್ತಿ ಮಿನುಗು ಒಳಗೆ ಬರುತ್ತದೆ, ಪಟ್ಟಿ ಕಾಣುವುದಿಲ್ಲ. ಅದಕ್ಕಿಂತ ವೇಗ ಬೇಕಿದ್ದರೆ ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಹಾಕಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಈ ಪಟ್ಟಿ ಇನ್ನೂ ಜಾಸ್ತಿ, ಅಲ್ಲಿ ಮೆಕ್ಯಾನಿಕಲ್ ಶಟರೇ ಇರಲಿ. ವಾಲ್ ನಡೆಸುವ ಹುಡುಗನನ್ನು ಪರಿಚಯ ಮಾಡಿಕೊಂಡು, ಮುಹೂರ್ತದ ಹೊತ್ತಿಗೆ ಓಡುವ ಚಿತ್ರ ನಿಲ್ಲಿಸಿ ಬೆಳಕು ಇಳಿಸಲು ಹೇಳಿ. "ತಮ್ಮಾ, ಅಕ್ಕಿಕಾಳು ಬೀಳೋ ತನಕ ಸ್ವಲ್ಪ ಡಿಮ್ ಮಾಡು" ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ.

ಹಳ್ಳಿ ಮದುವೆಯಲ್ಲಿ ಮನೆ ಮುಂದೆಯೋ ಗುಡಿ ಮುಂದೆಯೋ ಶಾಮಿಯಾನ. ಕೆಂಪು, ಹಳದಿ ಬಟ್ಟೆ ಮೂಲಕ ಬಿಸಿಲು ಇಳಿದು ಎಲ್ಲರ ಮುಖವೂ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಬಣ್ಣವೇ ಹಾಗೆ ಬಿದ್ದ ಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡುವುದು ದೊಡ್ಡ ತಲೆನೋವು. ಆದ್ದರಿಂದ ಮನೆಗೆ ಹೋದ ದಿನವೇ ಯಜಮಾನರಿಗೆ ಹೇಳಿ: "ಮಂಟಪದ ಮೇಲೆ ಒಂದಿಷ್ಟು ಜಾಗಕ್ಕೆ ಬಿಳಿ ಬಟ್ಟೆ ಕಟ್ಟಿಸ್ರಿ, ಫೋಟೊ ಚೆನ್ನಾಗಿ ಬರ್ತಾವೆ." ಶಾಮಿಯಾನದವರ ಹತ್ತಿರ ಬಿಳಿ ಬಟ್ಟೆ ಇದ್ದೇ ಇರುತ್ತದೆ. ತೆಂಗಿನ ಗರಿಯ ಚಪ್ಪರವಾದರೆ ತೊಂದರೆ ಬೇರೆ: ಮುಖದ ಮೇಲೆ ಬಿಸಿಲಿನ ಚುಕ್ಕೆ. ಅಲ್ಲಿ ಮಣೆ ಇಡುವ ಮೊದಲೇ ನಿಂತು ನೋಡಿ, ಅಯ್ಯನವರನ್ನು ಕೇಳಿ ಎರಡು ಅಡಿ ಆಚೀಚೆ ಹಾಕಿಸಲಾಗುತ್ತದಾ ನೋಡಿ.

ಗುಗ್ಗಳ, ಅರಿಶಿಣ

ಗುಗ್ಗಳದ ಮೆರವಣಿಗೆ ಸಾಮಾನ್ಯವಾಗಿ ನಸುಕಿನಲ್ಲೇ ಹೊರಡುತ್ತದೆ. ಕೊಡದಲ್ಲಿ ಬೆಂಕಿ, ಹೊಗೆ, ಸಮ್ಮಾಳ ವಾದ್ಯದ ಬಡಿತ, ವೀರಭದ್ರನ ಕುಣಿತದ ಪುರವಂತರು ಒಡಪು ಹೇಳುತ್ತಾ ಕತ್ತಿ ಹಿಡಿದು ಕುಣಿಯುತ್ತಾರೆ. ನಮ್ಮ ಭಾಗದ ಮದುವೆಗಳಲ್ಲಿ ಇದಕ್ಕಿಂತ ಬಲವಾದ ಚಿತ್ರ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ. ಇದನ್ನು ಬೇಗ ಮುಗಿಸುವ ಕೆಲಸವೆಂದು ನೋಡಬೇಡಿ.

ಬೆಂಕಿಯ ಬೆಳಕನ್ನು ಕೊಲ್ಲದಂತೆ ತೆಗೆಯಬೇಕು. ಪೂರ್ತಿ ಫ್ಲ್ಯಾಶ್ ಹೊಡೆದರೆ ಹೊಗೆ ಬಿಳಿ ಗೋಡೆಯಾಗಿ ಎದುರು ನಿಲ್ಲುತ್ತದೆ. ಐಎಸ್‌ಒ 3200ರ ಆಸುಪಾಸು, ಅಪರ್ಚರ್ ಎಫ್ 2 ಅಥವಾ 2.8, ಶಟರ್ 1/160ರಿಂದ 1/250 ಇಟ್ಟು ಶುರು ಮಾಡಿ, ಬೆಂಕಿಯ ಹತ್ತಿರದ ಮುಖ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಫ್ಲ್ಯಾಶ್ ಬೇಕೇ ಬೇಕು ಎಂದಾದರೆ ಪಕ್ಕದಿಂದ, ಕಿತ್ತಳೆ ಜೆಲ್ (ಬಣ್ಣದ ತೆಳು ಹಾಳೆ) ಹಾಕಿ, ಬಹಳ ಕಡಿಮೆ ಪವರಿನಲ್ಲಿ. ಪುರವಂತರು ಹಿಂದೆ ಮುಂದೆ ನೋಡದೆ ತಿರುಗುತ್ತಾರೆ, ಕತ್ತಿಯ ಅಳತೆಯಿಂದ ದೂರ ಇರಿ. ಶಸ್ತ್ರ ಹಾಕಿಸಿಕೊಳ್ಳುವ (ಮೈಗೆ ಚುಚ್ಚಿಸಿಕೊಳ್ಳುವ) ಪದ್ಧತಿ ಇದ್ದರೆ ಹತ್ತಿರದಿಂದ ತೆಗೆಯಬಹುದಾ ಎಂದು ಹಿರಿಯರನ್ನು ಕೇಳಿ. ಅದು ಅವರ ಹರಕೆ. ಮೆರವಣಿಗೆಯಲ್ಲಿ ಚಪ್ಪಲಿ ಹಾಕಬಾರದು ಎಂದರೆ ನೀವೂ ತೆಗೆಯಿರಿ.

ಅರಿಶಿಣ ಶಾಸ್ತ್ರದಲ್ಲಿ ಹೇಳಬೇಕಾದ್ದು ಸ್ವಲ್ಪ: ಕ್ಯಾಮೆರಾಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿ, ಲೆನ್ಸಿಗೆ ಫಿಲ್ಟರ್ ಹಾಕಿ, ಬಿಳಿ ಅಂಗಿ ಬೇಡ.

ತಾಳಿ ಕಟ್ಟುವ ಹೊತ್ತು

ಇಡೀ ಮದುವೆಯಲ್ಲಿ ಮತ್ತೆ ಮಾಡಿಸಲಾಗದ ಕ್ಷಣ ಇದು. ಕೆಲವರು ಆಮೇಲೆ ಹುಡುಗನ ಕೈಗೆ ತಾಳಿ ಹಿಡಿಸಿ ಇನ್ನೊಂದು ಸಲ ಕಟ್ಟಿದಂತೆ ಮಾಡಿ ಎನ್ನುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮನೆಯ ಹೆಂಗಸರಿಗೆ ಅದು ಎಷ್ಟು ನೋವು ಕೊಡುತ್ತದೆ ಎಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಅಯ್ಯನವರ ಹತ್ತಿರ, ಪುರೋಹಿತರಾದರೆ ಅವರ ಹತ್ತಿರ, ಕೈಮುಗಿದು ಎರಡು ಮಾತಾಡಿ. "ಅಯ್ಯನವರೇ, ಮಾಂಗಲ್ಯ ಕಟ್ಟಿಸೋ ಮುಂಚೆ ನನ್ನ ಕಡೆ ಒಂದ್ಸಲ ನೋಡ್ರಿ, ನಾ ಸಿದ್ಧ ಇರ್ತೀನಿ" ಎಂದರೆ ಅವರು ಖಂಡಿತ ಸಹಕರಿಸುತ್ತಾರೆ. ಆ ಹೊತ್ತಿನಲ್ಲಿ ಶಾಸ್ತ್ರ ನಿಲ್ಲಿಸಿ "ಇಲ್ಲಿ ನೋಡಿ, ಸ್ವಲ್ಪ ತಡೀರಿ" ಎನ್ನುವ ಫೋಟೊಗ್ರಾಫರ್ ಯಾರಿಗೂ ಬೇಡ. ಮುಹೂರ್ತ ಮೀರಬಾರದು.

ನಿಲ್ಲುವ ಜಾಗ ಹೀಗೆ. ಇಬ್ಬರಿದ್ದರೆ ಒಬ್ಬರು ಎದುರಿಗೆ, ಮಂಡಿಯೂರಿ, 24-70 ಲೆನ್ಸ್‌ನಲ್ಲಿ. ಇನ್ನೊಬ್ಬರು ಪಕ್ಕದಲ್ಲಿ ಗಟ್ಟಿ ಸ್ಟೂಲ್ ಮೇಲೆ, ಇಡೀ ಮಂಟಪ, ಏಳುವ ಕೈಗಳು, ಬೀಳುವ ಅಕ್ಕಿಕಾಳು ಎಲ್ಲ ಬರುವಂತೆ. ಒಬ್ಬರೇ ಇದ್ದರೆ ಎದುರಿನಿಂದ ಸ್ವಲ್ಪ ಓರೆಯಾಗಿ, ಹುಡುಗಿಯ ಮುಖ ಕಾಣುವ ಕಡೆ ನಿಲ್ಲಿ. ತಾಳಿ ಕಟ್ಟುವಾಗ ಹುಡುಗನ ತೋಳು ಅವಳ ಮುಖ ಮುಚ್ಚುತ್ತದೆ. ಎದುರುಬದುರಾಗಿ ಕಟ್ಟುತ್ತಾರೋ ಪಕ್ಕದಿಂದಲೋ ಎಂದು ಮೊದಲೇ ಕೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ವಾದ್ಯದವರು ಗಟ್ಟಿಮೇಳಕ್ಕೆ ಏರಿದರೆಂದರೆ ಕೆಲವೇ ಸೆಕೆಂಡು. ಎಲ್ಲರೂ ಎದ್ದು ನಿಲ್ಲುತ್ತಾರೆ, ಮೊಬೈಲ್ ಹಿಡಿದ ಕೈಗಳು ಅಡ್ಡ ಬರುತ್ತವೆ, ನಾಲ್ಕೂ ದಿಕ್ಕಿನಿಂದ ಅಕ್ಕಿಕಾಳು. ಲೆನ್ಸ್ ಹುಡ್ ಹಾಕಿರಲಿ. ಫ್ಲ್ಯಾಶ್ ಪೂರ್ತಿ ಪವರಿನಲ್ಲಿ ಇಡಬೇಡಿ, ಒಂದು ಸಲ ಉರಿದ ಮೇಲೆ ಮತ್ತೆ ತುಂಬಲು ಎರಡು ಸೆಕೆಂಡಾದರೂ ಬೇಕು, ಅಷ್ಟರಲ್ಲಿ ಗಂಟು ಬಿದ್ದಿರುತ್ತದೆ. ಐಎಸ್‌ಒ 1600ಕ್ಕೆ ಏರಿಸಿ, ಎಫ್ 4 ಇಟ್ಟು, ಫ್ಲ್ಯಾಶ್ ಪವರ್ 1/8 ಅಥವಾ 1/16ಕ್ಕೆ ಇಳಿಸಿದರೆ ಸಾಲಾಗಿ ಫೋಟೊ ಬರುತ್ತವೆ. ಬ್ಯಾಟರಿಯನ್ನು ಹತ್ತು ನಿಮಿಷ ಮೊದಲೇ ಬದಲಿಸಿ, ಅರ್ಧ ಇದ್ದರೂ ಬದಲಿಸಿ. ಕಾರ್ಡಿನಲ್ಲೂ ಜಾಗ ನೋಡಿಕೊಳ್ಳಿ.

ಗಂಟು ಬಿದ್ದ ಮೇಲೆ ಕ್ಯಾಮೆರಾ ಇಳಿಸಬೇಡಿ. ನಿಜವಾದ ಮುಖಗಳು ಆಗ ಸಿಗುತ್ತವೆ. ತಿರುಗಿ ನೋಡಿ: ಹುಡುಗಿಯ ಅಪ್ಪ ಎಲ್ಲೋ ಕಂಬದ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಹೆಣ್ಣು ಒಪ್ಪಿಸುವಾಗಲೂ ಹೀಗೆಯೇ, ಆದರೆ ಅಲ್ಲಿ ದೂರದಿಂದ, 85 ಅಥವಾ 70-200 ಲೆನ್ಸ್‌ನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಅಳುವವರ ಮುಖಕ್ಕೆ ವಿಡಿಯೊ ಲೈಟ್ ಹಿಡಿಯುವುದನ್ನು ನಿಮ್ಮ ತಂಡದಲ್ಲಿ ನಿಷೇಧಿಸಿ.

ಹಿರಿಯರ ಒಂದೊಂದು ಫೋಟೊ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಸ್ಟುಡಿಯೊ ಇಟ್ಟವರಿಗೆಲ್ಲ ಗೊತ್ತು, ಮನೆಯಲ್ಲಿ ಅಜ್ಜ ತೀರಿಕೊಂಡ ಮೂರನೇ ದಿನಕ್ಕೆ ಮೊಮ್ಮಗ ಮೊಬೈಲ್ ಹಿಡಿದು ಬರುತ್ತಾನೆ. "ಅಣ್ಣಾ, ಈ ಗ್ರೂಪ್ ಫೋಟೊದಾಗಿಂದ ನಮ್ಮಜ್ಜನ ಮುಖ ತೆಗೆದು ಫ್ರೇಮ್ ಮಾಡಿಕೊಡ್ತೀಯಾ?" ಹಿಂದಿನ ಸಾಲಿನಲ್ಲಿ ಅರ್ಧ ಮುಖ, ಕಣ್ಣು ಮುಚ್ಚಿದೆ, ಪಕ್ಕದವರ ಭುಜ ಅಡ್ಡ. ಅದನ್ನೇ ಎಳೆದು ದೊಡ್ಡದು ಮಾಡಿ, ಕೋಟು ಅಂಟಿಸಿ, ನೀಲಿ ಹಿನ್ನೆಲೆ ಹಾಕಿ ಕೊಡುತ್ತೇವೆ. ಆ ಮನೆಯವರು ಜೀವನಪೂರ್ತಿ ಹಾರ ಹಾಕಿ ಕೈಮುಗಿಯುವುದು ಅಜ್ಜ ಎಂದೂ ತೊಡದ ಕೋಟಿನ ಫೋಟೊಕ್ಕೆ.

ಮದುವೆ ಅಂದರೆ ಎಲ್ಲ ಹಿರಿಯರೂ ಒಂದೇ ಸೂರಿನಡಿ, ಒಳ್ಳೆ ಬಟ್ಟೆಯಲ್ಲಿ, ಸಂತೋಷದಲ್ಲಿ ಇರುವ ದಿನ. ಒಬ್ಬೊಬ್ಬರಿಗೆ ಎರಡು ನಿಮಿಷ ಕೊಟ್ಟರೆ ಸಾಕು.

ಬೆಳಿಗ್ಗೆ ತಿಂಡಿ ಮುಗಿದು ಮುಹೂರ್ತದ ಗಲಾಟೆ ಶುರುವಾಗುವ ಮುಂಚೆ ಮಾಡಿ. ಛತ್ರದ ಕೋಣೆಯ ಕಿಟಕಿ ಅಥವಾ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿ. ನೇರ ಬಿಸಿಲು ಬೀಳಬಾರದು, ಆಕಾಶದ ಬೆಳಕು ಓರೆಯಾಗಿ ಮುಖಕ್ಕೆ ಬೀಳಬೇಕು. ಹಿಂದೆ ಸುಣ್ಣದ ಗೋಡೆ ಇದ್ದರೆ ಸಾಕು, ಕ್ಯಾಲೆಂಡರ್ ಗಿಲೆಂಡರ್ ಇದ್ದರೆ ತೆಗೆದಿಡಿ. 85 ಲೆನ್ಸ್, ಎಫ್ 2.8ರಿಂದ 4, ಶಟರ್ 1/160ಕ್ಕಿಂತ ಕಡಿಮೆ ಬೇಡ, ವಯಸ್ಸಾದವರ ತಲೆ ಸ್ವಲ್ಪ ಅಲುಗುತ್ತಿರುತ್ತದೆ. ಗಮನ ಕಣ್ಣಿನ ಮೇಲೆ. ಕನ್ನಡಕದಲ್ಲಿ ಕಿಟಕಿ ಹೊಳೆದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಒಂಚೂರು ಮೇಲೆತ್ತಿ, ಇಲ್ಲವೇ ಗಲ್ಲ ತುಸು ಇಳಿಸಲು ಹೇಳಿ. ಕನ್ನಡಕ ತೆಗೆಸಬೇಡಿ, ಮನೆಯವರು ಅವರನ್ನು ನೋಡಿರುವುದೇ ಕನ್ನಡಕದಲ್ಲಿ.

ರುಮಾಲು ಸುತ್ತುವವರು ಸುತ್ತಿಕೊಂಡೇ ಇರಲಿ. ವಿಭೂತಿ ಹಚ್ಚುವವರಿಗೆ ಹಚ್ಚಿಕೊಳ್ಳಲು ಹೊತ್ತು ಕೊಡಿ. "ನಗ್ರಿ ಅಜ್ಜ" ಎಂದರೆ ಯಾರೂ ನಗುವುದಿಲ್ಲ, ಹಲ್ಲಿಲ್ಲದವರು ಇನ್ನೂ ಬಿಗಿ ಹಿಡಿಯುತ್ತಾರೆ. ಏನಾದರೂ ಕೇಳಿ: "ಅಜ್ಜಿ, ನಿಮ್ ಮದುವ್ಯಾಗ ಫೋಟೊ ತೆಗೆಸಿದ್ರಾ?" "ಅಜ್ಜ, ಈ ಸಲ ಮೆಕ್ಕೆಜೋಳ ಹೆಂಗೈತಿ?" ಉತ್ತರ ಹೇಳಿ ಮುಗಿಸಿ ನಿಮ್ಮನ್ನು ನೋಡುವ ಆ ಒಂದು ಗಳಿಗೆಯಲ್ಲಿ ಕ್ಲಿಕ್ ಮಾಡಿ. ಅವರ ಕೈಗಳದ್ದೂ ಒಂದು ತೆಗೆಯಿರಿ. ಗಂಡ ಹೆಂಡತಿ ಇಬ್ಬರೂ ಇದ್ದರೆ ಜೊತೆಯಲ್ಲೊಂದು. ನಾಚಿಕೊಂಡು ದೂರ ಕೂರುತ್ತಾರೆ, ಮೊಮ್ಮಕ್ಕಳಿಗೆ ಹೇಳಿ ಹತ್ತಿರ ಕೂರಿಸಿ.

ಮದುವೆಗೆ ಬರಲಾಗದಷ್ಟು ಕಾಯಿಲೆ ಇದ್ದವರ ಹತ್ತಿರ ಮದುಮಕ್ಕಳನ್ನು ಹಿಂದಿನ ದಿನವೋ ಮಾರನೇ ದಿನವೋ ಕರೆದುಕೊಂಡು ಹೋಗಿ ಒಂದು ಫೋಟೊ ತೆಗೆಯಿರಿ. ಇದಕ್ಕೆ ಪ್ರತ್ಯೇಕ ಚಾರ್ಜ್ ಮಾಡಬೇಡಿ ಎಂಬುದು ನನ್ನ ಕೋರಿಕೆ.

ವೇದಿಕೆ ಮೇಲಿನ ಸಾಲು, ಮತ್ತು ಊಟ

ರಿಸೆಪ್ಶನ್‌ನಲ್ಲಿ ಮುಯ್ಯಿ ಕೊಡಲು ಬರುವವರ ಸಾಲು ಉದ್ದ. ಇದು ಬೇಸರದ ಕೆಲಸ ಎಂದು ಹೊಸಬರ ಕೈಗೆ ಕೊಟ್ಟು ಹೋಗುವವರಿದ್ದಾರೆ. ಆದರೆ ಚಳ್ಳಕೆರೆಯಿಂದಲೋ ಹೊನ್ನಾಳಿಯಿಂದಲೋ ಬಸ್ ಹಿಡಿದು ಬಂದವರಿಗೆ ಆಲ್ಬಮ್‌ನಲ್ಲಿ ತಮ್ಮ ಮುಖ ಇದೆಯಾ ಎಂಬುದೇ ಮುಖ್ಯ. ಅಪರ್ಚರ್ ಎಫ್ 5.6 ಇರಲಿ, ಎರಡು ಸಾಲಾದರೆ ಎಫ್ 8. 24 ಎಂಎಂ ಲೆನ್ಸ್‌ನಲ್ಲಿ ತುದಿಯಲ್ಲಿ ನಿಂತವರು ಅಗಲವಾಗಿ ಕಾಣುತ್ತಾರೆ, ಆದಷ್ಟು 35ರ ಮೇಲಿರಿ, ನೀವೇ ಹಿಂದೆ ಹೋಗಿ. ಪ್ರತಿ ಗುಂಪಿಗೂ ಎರಡು ಕ್ಲಿಕ್, ಯಾರಾದರೂ ಕಣ್ಣು ಮುಚ್ಚಿರುತ್ತಾರೆ.

ನಿಮ್ಮ ತಂಡದ ಒಬ್ಬರು ಮೊದಲ ಪಂಕ್ತಿಯಲ್ಲೇ ಊಟ ಮಾಡಿ ಬರಲಿ. ಎಲ್ಲರೂ ಕೊನೆಯಲ್ಲಿ ಎಂದರೆ ಸಂಜೆಯ ಮನೆ ತುಂಬಿಸುವ ಶಾಸ್ತ್ರಕ್ಕೆ ಕೈ ನಡುಗುತ್ತದೆ.

ಕಾರ್ಡು, ಬಣ್ಣ, ಆಲ್ಬಮ್

ಎರಡು ಕಾರ್ಡ್ ಹಾಕುವ ಕ್ಯಾಮೆರಾ ಇದ್ದರೆ ಎರಡಕ್ಕೂ ಒಟ್ಟಿಗೇ ಬರೆಯುವಂತೆ ಇಡಿ. ರಾತ್ರಿ ಎಷ್ಟೇ ಹೊತ್ತಾಗಲಿ, ಮಲಗುವ ಮುಂಚೆ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಸಾಧ್ಯವಾದರೆ ಮೂರನೆಯದು ಕ್ಲೌಡ್‌ನಲ್ಲಿ. ಆಲ್ಬಮ್ ಕೈಗೆ ಕೊಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡದಿರಲು ಆಗುವುದಾದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಡಿಸ್ಕನ್ನು ಬೈಕಿನ ಡಿಕ್ಕಿಯಲ್ಲಿ, ಕಾರಿನಲ್ಲಿ ಬಿಡಬೇಡಿ.

ಬಣ್ಣದ ವಿಷಯಕ್ಕೆ ಬಂದರೆ, "ಸ್ವಲ್ಪ ಬೆಳ್ಳಗೆ ಮಾಡಿ ಅಣ್ಣಾ" ಎನ್ನುವವರು ಜಾಸ್ತಿ. ದಯವಿಟ್ಟು ಮಾಡಬೇಡಿ. ನಮ್ಮವರ ಮೈಬಣ್ಣ ಚೆಂದದ್ದು. ಅದು ಮಂಕಾಗಿ ಕಂಡರೆ ಬೆಳಕು ಸಾಲದೇ ಹೋಗಿದೆ ಎಂದರ್ಥ. ಹುಡುಗನ ಬಿಳಿ ಅಂಗಿ, ಪಂಚೆ ನೋಡಿ ಕ್ಯಾಮೆರಾದ ಮೀಟರ್ ಮೋಸ ಹೋಗಿ ಇಡೀ ಫೋಟೊ ಕಪ್ಪಾಗಿಸುತ್ತದೆ. ಅಂಗಿಯ ನೆರಿಗೆ ಉಳಿಯುವಷ್ಟು ಮಾತ್ರ ಬೆಳಕು ಏರಿಸಿ, ರಾ ಫೈಲ್‌ನಲ್ಲಿ ತೆಗೆದು, ಮುಖದ ನೆರಳನ್ನು ಆಮೇಲೆ ತೆರೆಯಿರಿ. ಮೊದಲಿಗೇ ಮುಖಕ್ಕೆ ಓರೆಯಿಂದ ದೊಡ್ಡ ಮೆದು ಬೆಳಕು ಕೊಟ್ಟಿದ್ದರೆ ಈ ಕೆಲಸವೂ ಇಲ್ಲ. ಒಂದೆರಡು ಫೋಟೊ ಹಾಗೆ ಮಾಡಿ ತೋರಿಸಿದರೆ ಮನೆಯವರೇ ಒಪ್ಪುತ್ತಾರೆ. ಕೆಂಪು ರೇಷ್ಮೆ ಸೀರೆಯಲ್ಲಿ ಕೆಂಪು ಚಾನೆಲ್ ಬೇಗ ಹಾಳಾಗುತ್ತದೆ, ಜರಿ ಕರಗಿ ಬರೀ ಬಣ್ಣದ ಮುದ್ದೆ ಕಾಣುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂನಲ್ಲಿ ಕೆಂಪನ್ನು ಪ್ರತ್ಯೇಕ ನೋಡಿ.

ಮದುವೆಯಾದ ವಾರದೊಳಗೆ ನಾಲ್ಕೈದು ಫೋಟೊ ಪ್ರಿಂಟ್ ಮಾಡಿ ಕೊಟ್ಟುಬಿಡಿ. ತಾಳಿ ಕಟ್ಟುವುದೊಂದು, ಇಬ್ಬರೂ ನೇರ ನೋಡುತ್ತಿರುವುದೊಂದು ಅದರಲ್ಲಿ ಇರಲಿ. ಮದುವೆ ನೋಂದಣಿಗೆ ಲಗ್ನಪತ್ರಿಕೆಯ ಜೊತೆ ಇವು ಬೇಕಾಗುತ್ತವೆ.

ಆಲ್ಬಮ್ 12×36 ಇಂಚಿನ ಶೀಟ್ ಆದರೆ ನಡುವೆ 18 ಇಂಚಿಗೆ ಮಡಿಕೆ ಬೀಳುತ್ತದೆ. ಆ ಗೆರೆಯ ಮೇಲೆ ಯಾರ ಮುಖವೂ ಬರಬಾರದು. ಪುಟಕ್ಕೆ ಹದಿನೈದು ಫೋಟೊ ತುರುಕಬೇಡಿ, ಒಂದು ದೊಡ್ಡದು, ಎರಡು ಮೂರು ಚಿಕ್ಕದು ಸಾಕು. ಹೆಸರನ್ನು ಲಗ್ನಪತ್ರಿಕೆಯಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ. ಫೋಟೊಶಾಪ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತಿದ್ದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ, ಹಳೇ ಆವೃತ್ತಿಯಾದರೆ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಇರುತ್ತದೆ. ಲ್ಯಾಬಿಗೆ ಕಳಿಸುವ ಮುಂಚೆ ವಿನ್ಯಾಸವನ್ನು ಮನೆಯವರಿಗೆ ತೋರಿಸಿ ಹೆಸರು, ದಿನಾಂಕ ಓದಿಸಿ, ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಕೊನೆಗೆ, ಡೇಟಾ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಆಲ್ಬಮ್ ಕೊಡುವ ದಿನವೇ ಹೇಳಿ. ಎಲ್ಲ ಫೈಲುಗಳ ಒಂದು ಹಾರ್ಡ್ ಡಿಸ್ಕ್ ಅವರ ಕೈಗೇ ಕೊಡಿ, ಹಿರಿಯರ ಫೋಟೊಗಳನ್ನು ಬೇರೆ ಫೋಲ್ಡರ್ ಮಾಡಿ ಒಬ್ಬೊಬ್ಬರ ಹೆಸರು ಹಾಕಿರಿ. ಆ ಫೋಲ್ಡರನ್ನು ಮಾತ್ರ, ಉಳಿದದ್ದೆಲ್ಲ ಅಳಿಸುವ ಕಾಲ ಬಂದರೂ, ನಿಮ್ಮ ಹತ್ತಿರ ಉಳಿಸಿಕೊಳ್ಳಿ.